ಗಿಲಾವು ಕಾಣದ ಬದುಕು

ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಚೀನಾದ ಯುದ್ಧಭೂಮಿ ಹಾದು, ಹಿಮಾಲಯದಲ್ಲಿ ಸಂಸಾರ ಹೂಡಿ, ಕೊನೆಗೆ ತಿರುವನಂತಪುರದ ಬಂಡೆಗುಡ್ಡವೊಂದರಲ್ಲಿ ನೆಲೆನಿಂತವರು ಲಾರಿ ಬೇಕರ್. ಅವರು ಕಟ್ಟಿದ ಮನೆಗಳ ಬಗ್ಗೆ ಬಹಳ ಮಂದಿ ಬರೆದಿದ್ದಾರೆ. ಅವರು ಹೂಡಿದ ಸಂಸಾರದ ಬಗ್ಗೆ ಬರೆದವರು ಕಡಿಮೆ.

ತಿರುವನಂತಪುರದ ರೈಲು ನಿಲ್ದಾಣದಿಂದ ಹೊರಬಿದ್ದರೆ ತಂಪಾನೂರು ಬಸ್ ನಿಲ್ದಾಣದ ಮಗ್ಗುಲಲ್ಲಿ ಕೆಂಪಗಿನ ಉರುಟು ಕಟ್ಟಡವೊಂದು ಕಣ್ಣಿಗೆ ಬೀಳುತ್ತದೆ. ಮೈತುಂಬ ಕಿಂಡಿಗಳು. ದೂರದಿಂದ ನೋಡಿದವರು ದೊಡ್ಡ ಪಾರಿವಾಳದ ಗೂಡು ಅಂದುಕೊಂಡರೆ ತಪ್ಪಿಲ್ಲ. ಅದು ಇಂಡಿಯನ್ ಕಾಫಿ ಹೌಸ್. ಒಳಗೆ ಕಾಲಿಟ್ಟರೆ ಮಹಡಿಯೂ ಇಲ್ಲ, ಮೆಟ್ಟಿಲೂ ಇಲ್ಲ. ಒಂದೇ ಒಂದು ಇಳಿಜಾರು ಸುರುಳಿ ಸುತ್ತುತ್ತಾ ಮೇಲೇರುತ್ತದೆ. ಹೊರಗೋಡೆಗೆ ಅಂಟಿಕೊಂಡಂತೆ ಗಾರೆಯಲ್ಲೇ ಕಟ್ಟಿದ ಮೇಜು, ಗಾರೆಯಲ್ಲೇ ಕಟ್ಟಿದ ಆಸನ. ನೆಲ ವಾಲಿದ್ದರೂ ಮೇಜು ಮಟ್ಟಸ. ಕೂತವರ ಕೆನ್ನೆಯ ಪಕ್ಕದಲ್ಲೇ ಒಂದು ಕಿಂಡಿ. ಅಲ್ಲಿಂದ ಬಿಸಿಲಿನ ಚೂರು, ಬಸ್ಸಿನ ಹಾರ್ನು, ಒಂದಿಷ್ಟು ಗಾಳಿ.

ಮಸಾಲೆ ದೋಸೆ ಬಂತು. ಬಿಚ್ಚಿದರೆ ಒಳಗೆ ಕಡುಗೆಂಪು ಬೀಟ್‌ರೂಟ್ ಪಲ್ಯ. ಮೈಸೂರಿನ ಕೆಂಪು ಚಟ್ನಿಗೆ ಒಗ್ಗಿದ ನಾಲಿಗೆಗೆ ಇದು ಮೊದಲು ಅನ್ಯಾಯವೆನಿಸಿತು. ಎರಡನೇ ತುತ್ತಿಗೆ ಸಿಟ್ಟು ಇಳಿಯಿತು, ಮೂರನೆಯದಕ್ಕೆ ತಟ್ಟೆ ನನ್ನದಾಯಿತು. ಬಿಳಿ ಸಮವಸ್ತ್ರ, ಸೊಂಟಕ್ಕೆ ಅಗಲ ಪಟ್ಟಿ, ತಲೆಗೆ ಬೀಸಣಿಗೆಯಂಥ ಪೇಟ ತೊಟ್ಟ ಮಾಣಿ ನಾಲ್ಕು ಕಾಫಿ ಹಿಡಿದು ಆ ಇಳಿಜಾರನ್ನು ಹತ್ತಿ ಹೋದರು, ಬರಿಗೈಲಿ ಇಳಿದು ಬಂದರು, ಮತ್ತೆ ಹತ್ತಿದರು. ಈ ಕಟ್ಟಡವನ್ನು ಹೊಗಳಿ ಬರೆದವರಲ್ಲಿ ಯಾರಾದರೂ ಆ ಮಾಣಿಯ ಮೊಣಕಾಲನ್ನು ವಿಚಾರಿಸಿದ್ದಾರೋ ಇಲ್ಲವೋ ಅನ್ನಿಸಿತು. ಅಂದಹಾಗೆ, ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಕಟ್ಟಿಕೊಂಡ ಸಹಕಾರ ಸಂಘಗಳಲ್ಲಿ ಮೊತ್ತಮೊದಲನೆಯದು 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು. ಕೇರಳದ ಸಂಘಗಳು ಅದೇ ಬಳ್ಳಿಯ ಕಾಯಿಗಳು.

ಈ ಸುರುಳಿ ಕಟ್ಟಿದವರು ಲಾರೆನ್ಸ್ ವಿಲ್‌ಫ್ರೆಡ್ ಬೇಕರ್. ಎಲ್ಲರ ಬಾಯಲ್ಲಿ ಲಾರಿ ಬೇಕರ್. ಕನ್ನಡದ ಕಿವಿಗೆ ಈ ಹೆಸರು ಕೇಳಿದ ಕೂಡಲೇ ಇಟ್ಟಿಗೆ ಹೇರಿಕೊಂಡ ವಾಹನವೊಂದು ಮನಸ್ಸಿಗೆ ಬಂದರೆ ಸಂಕೋಚ ಬೇಡ. ಅವರೇ ಕೇಳಿದ್ದರೂ ನಕ್ಕು, ಹಳೆ ಲಕೋಟೆಯ ಬೆನ್ನಿಗೆ ಅದರದೊಂದು ವ್ಯಂಗ್ಯಚಿತ್ರ ಗೀಚಿರುತ್ತಿದ್ದರು ಎಂದು ನನಗೆ ಖಾತ್ರಿ.

ಪತ್ರಿಕೆಗಳ ಮುಖಪುಟದಲ್ಲಿ ಬೇಕರ್ ಒಬ್ಬರೇ ಇರುತ್ತಾರೆ. ಬಿಳಿ ಗಡ್ಡ, ಹಿಂದೆ ಕೆಂಪು ಗೋಡೆ. ‘ಬಡವರ ವಾಸ್ತುಶಿಲ್ಪಿ’ ಎಂಬ ಶೀರ್ಷಿಕೆ. ಆ ಚಿತ್ರದಲ್ಲಿ ಒಂದು ಲೆಕ್ಕ ಮರೆತುಹೋಗುತ್ತದೆ. ಅವರು ತಿರುವನಂತಪುರಕ್ಕೆ ಬಂದು ಹೆಸರು ಮಾಡಲು ಶುರುವಿಟ್ಟಾಗ ವಯಸ್ಸು ಐವತ್ತು ದಾಟಿತ್ತು. ಭಾರತಕ್ಕೆ ಬಂದು ಆಗಲೇ ಸುಮಾರು ಕಾಲು ಶತಮಾನ. ಆ ಇಪ್ಪತ್ತೈದು ವರ್ಷ ಅವರೇನು ಮಾಡುತ್ತಿದ್ದರು? ಬಹುಪಾಲು ಹೆಂಡತಿಯ ಆಸ್ಪತ್ರೆ ನಡೆಸಿಕೊಡುತ್ತಿದ್ದರು. ನನ್ನ ಮಟ್ಟಿಗೆ ಈ ಕಥೆಯ ಹೂರಣ ಇರುವುದು ಅಲ್ಲಿ.

ಮೌನದ ಮತ

ಹುಟ್ಟಿದ್ದು 1917ರ ಮಾರ್ಚ್ 2ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಚಿಮಣಿ, ಹೊಗೆ, ಕೆಂಪಿಟ್ಟಿಗೆಯ ಊರು ಅದು. ಮನೆಯವರು ಕಟ್ಟಾ ಮೆಥಡಿಸ್ಟ್ ಕ್ರೈಸ್ತರು. ಹರೆಯದಲ್ಲೇ ಹುಡುಗನಿಗೆ ದೇವರು ಧರ್ಮದ ಬಗ್ಗೆ ಪ್ರಶ್ನೆಗಳೆದ್ದವು. ಉತ್ತರ ಹುಡುಕುತ್ತಾ ಅವನು ಕ್ವೇಕರರ ಬಳಿ ಹೋದ.

ಕ್ವೇಕರರ ಪ್ರಾರ್ಥನೆಯನ್ನು ನೋಡದವರಿಗೆ ವಿವರಿಸುವುದು ಕಷ್ಟ, ಯಾಕೆಂದರೆ ಅಲ್ಲಿ ನೋಡಲು ಏನೂ ಇರುವುದಿಲ್ಲ. ಅವರ ಸಾಂಪ್ರದಾಯಿಕ ಸಭೆಯಲ್ಲಿ ಪಾದ್ರಿ ಇಲ್ಲ, ಪೀಠ ಇಲ್ಲ, ಮೇಣದ ಬತ್ತಿ ಇಲ್ಲ, ಗಾಯನ ಇಲ್ಲ. ಒಂದು ಸಾದಾ ಕೋಣೆಯಲ್ಲಿ ಜನ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಆಡುತ್ತಾರೆ. ಬರದಿದ್ದರೆ ಸಭೆ ಮೌನದಲ್ಲೇ ಮುಗಿಯುತ್ತದೆ. ಆಡಂಬರ ಕೂಡದು, ಸುಳ್ಳು ಕೂಡದು, ಯಾವ ಕಾರಣಕ್ಕೂ ಆಯುಧ ಹಿಡಿಯಕೂಡದು. ಬೇಡದ್ದನ್ನು ಬಿಡುತ್ತಾ ಹೋಗುವುದೇ ಭಕ್ತಿ ಎಂದು ನಂಬಿದ ಪಂಥ ಇದು. ಇಂಥವನೊಬ್ಬ ವಾಸ್ತುಶಿಲ್ಪ ಓದಿದರೆ ಏನಾಗಬಹುದು ಎಂಬುದಕ್ಕೆ ಉತ್ತರ ಮೂವತ್ತು ವರ್ಷ ಆದಮೇಲೆ ಕೇರಳದಲ್ಲಿ ಸಿಕ್ಕಿತು.

1937ರಲ್ಲಿ ಓದು ಮುಗಿಯಿತು. ಎರಡು ವರ್ಷಕ್ಕೆ ಮಹಾಯುದ್ಧ. ಬಂದೂಕು ಹಿಡಿಯಲೊಲ್ಲದ ಬೇಕರ್ ಕ್ವೇಕರರ ‘ಫ್ರೆಂಡ್ಸ್ ಆಂಬುಲೆನ್ಸ್ ಯೂನಿಟ್’ ಸೇರಿದರು. ಅಲ್ಲಿ ಶುಶ್ರೂಷೆ ಕಲಿತರು, ಅರಿವಳಿಕೆ ಕೊಡುವುದನ್ನು ಕಲಿತರು, ಚೀನಾಕ್ಕೆ ಹೋದರು. ಗಾಯಾಳುಗಳ ಜೊತೆಗೆ ಕುಷ್ಠರೋಗಿಗಳ ಸೇವೆಯೂ ಗಂಟುಬಿತ್ತು. ಕಟ್ಟಡ ಕಟ್ಟಲು ಕಲಿತವನ ಕೈ ಹುಣ್ಣು ತೊಳೆಯಲು ಕಲಿತದ್ದು ಹೀಗೆ.

ಬಟ್ಟೆ ಚೂರಿನ ಮೆಟ್ಟು

ಯುದ್ಧದ ಕೊನೆಯ ವರ್ಷಗಳಲ್ಲಿ ಚೀನಾದಿಂದ ಊರಿಗೆ ಮರಳುವಾಗ ಮುಂಬಯಿಯಲ್ಲಿ ಹಡಗು ಸಿಗದೆ ಸುಮಾರು ಮೂರು ತಿಂಗಳು ಕಾಯಬೇಕಾಯಿತು. ಉಳಿದುಕೊಂಡಿದ್ದ ಮನೆಯ ಕ್ವೇಕರ್ ಗೆಳೆಯನಿಗೆ ಗಾಂಧಿಯ ಪರಿಚಯವಿತ್ತು. ಹಾಗಾಗಿ ಬೇಕರ್ ಗಾಂಧಿಯ ಪ್ರಾರ್ಥನಾ ಸಭೆಗಳಿಗೆ ಹೋಗಿ ಕೂತರು. ಗಾಂಧಿಯ ಕಣ್ಣು ಬಿದ್ದದ್ದು ಈ ಆಂಗ್ಲನ ಕಾಲಿನ ಮೇಲೆ. ಚೀನೀಯರ ರೀತಿಯಲ್ಲಿ ಹಳೆ ಬಟ್ಟೆಯ ಚೂರುಗಳಿಂದ ತಾವೇ ಹೊಲಿದುಕೊಂಡ ಮೆಟ್ಟು ಹಾಕಿದ್ದರು ಬೇಕರ್. ಗಾಂಧಿಗೆ ಅದು ಬಹಳ ಹಿಡಿಸಿತು.

ಅಲ್ಲಿಂದ ಮಾತು ಬೆಳೆಯಿತು. ಬ್ರಿಟಿಷರೇ ತೊಲಗಿ ಎಂದು ದೇಶ ಕೂಗುತ್ತಿದ್ದ ಕಾಲ. ಆಳಲು ಬಂದವರು ಹೋಗಬೇಕು, ಕೈಗೆಲಸ ಬಲ್ಲವರು ಬರಬೇಕು ಎಂಬ ಅರ್ಥದ ಮಾತನ್ನು ಗಾಂಧಿ ಆಡಿದರೆಂದು ಬೇಕರ್ ಮುಂದೆ ಎಷ್ಟೋ ಸಲ ನೆನೆದಿದ್ದಾರೆ. ಇನ್ನೊಂದು ಮಾತೂ ಉಳಿಯಿತು: ಮನೆಗೆ ಬೇಕಾದ ಸಾಮಗ್ರಿಯೆಲ್ಲ ಸುತ್ತಮುತ್ತ ಐದು ಮೈಲಿಯೊಳಗೇ ಸಿಗುವಂತಿರಬೇಕು. ಕಾಲೇಜಿನಿಂದ ಬಂದ ತರುಣನಿಗೆ ಆಗ ಅದು ಅತಿರೇಕ ಎನಿಸಿರಲೂ ಸಾಕು. ಜೀವಮಾನವಿಡೀ ಆ ಐದು ಮೈಲಿಯೊಳಗೇ ಅವರು ಓಡಾಡಿದರು.

1945ರಲ್ಲಿ ಅವರು ಮರಳಿ ಬಂದರು, ಈ ಸಲ ಕೆಲಸ ಹಿಡಿದು. ಕುಷ್ಠರೋಗಿಗಳಿಗಾಗಿ ದುಡಿಯುತ್ತಿದ್ದ ಅಂತರರಾಷ್ಟ್ರೀಯ ಮಿಷನ್ನಿಗೆ ಒಬ್ಬ ವಾಸ್ತುಶಿಲ್ಪಿ ಬೇಕಿತ್ತು. ಅಷ್ಟರವರೆಗೆ ಕುಷ್ಠಧಾಮವೆಂದರೆ ರೋಗಿಯನ್ನು ಊರಿಂದಾಚೆ ಇಟ್ಟು ಸಾಯುವವರೆಗೆ ಅನ್ನ ಹಾಕುವ ಜಾಗ. 1940ರ ದಶಕದಲ್ಲಿ ಸಲ್ಫೋನ್ ಗುಂಪಿನ ಔಷಧಗಳು ಬಂದು, ರೋಗ ವಾಸಿಯಾಗುತ್ತದೆ ಎಂಬ ಭರವಸೆ ಮೊದಲ ಬಾರಿಗೆ ಮೂಡಿತು. ಕೂಡಿಹಾಕುವ ಶೆಡ್ಡುಗಳೀಗ ಗುಣಪಡಿಸುವ ಆಸ್ಪತ್ರೆಗಳಾಗಬೇಕಿತ್ತು. ಬೇಕರ್ ದೇಶದುದ್ದಕ್ಕೂ ಸುತ್ತಿದರು.

ಸುತ್ತುತ್ತಾ ಅವರ ಗರ್ವ ಇಳಿಯಿತು. ಬರ್ಮಿಂಗ್‌ಹ್ಯಾಮಿನ ಪುಸ್ತಕದಲ್ಲಿ ಗೆದ್ದಲಿಗೆ ಅಧ್ಯಾಯವಿರಲಿಲ್ಲ. ಜಂಬಿಟ್ಟಿಗೆ, ಬಿದಿರು, ಸೋಗೆ, ಸಗಣಿ, ಬೆಲ್ಲ ಬೆರೆಸಿದ ಸುಣ್ಣ ಇವು ಯಾವುವೂ ಇರಲಿಲ್ಲ. ಆಷಾಢದ ಮಳೆ ಗೋಡೆಗೆ ಓರೆಯಾಗಿ ಬಡಿಯುವುದೂ ಇರಲಿಲ್ಲ. ಓದು ಬಾರದ ಮೇಸ್ತ್ರಿಗೆ ಇದೆಲ್ಲ ಅಂಗೈರೇಖೆ. ಪದವಿ ಹಿಡಿದು ಬಂದವನು ಮೇಸ್ತ್ರಿಯ ಎದುರು ವಿದ್ಯಾರ್ಥಿಯಾದ. ವಲಸೆ ಬಂದವರಲ್ಲಿ ಹೆಚ್ಚಿನವರು ತಾವು ತಂದದ್ದನ್ನು ಹೊಸ ನೆಲದಲ್ಲಿ ಊರಲು ನೋಡುತ್ತಾರೆ. ಈತ ತಂದದ್ದನ್ನು ಮೂಲೆಗಿಟ್ಟ. ಮಿಷನರಿಗಳ ದೊಡ್ಡ ಬಂಗಲೆ, ಆಳುಕಾಳಿನ ವೈಭೋಗವೂ ಒಗ್ಗಲಿಲ್ಲ. ಉತ್ತರ ಪ್ರದೇಶದ ಫೈಜಾಬಾದಿನಲ್ಲಿ ಪಿ.ಜೆ. ಚಾಂಡಿ ಎಂಬ ಮಲಯಾಳಿ ಡಾಕ್ಟರ ಮನೆಯಲ್ಲಿ ಬಿಡಾರ ಹೂಡಿದರು.

ಆ ಡಾಕ್ಟರಿಗೊಬ್ಬ ತಂಗಿ. ಹೆಸರು ಎಲಿಜಬೆತ್ ಜೇಕಬ್. ಅವರೂ ಡಾಕ್ಟರು. ಹೈದರಾಬಾದಿನಲ್ಲಿ ಕುಷ್ಠರೋಗಿಗಳದ್ದೇ ಕೆಲಸ.

ಮದುವೆ ಮಾಡಿ ನೋಡು

ಕೇರಳದ ಕ್ರೈಸ್ತ ಮನೆತನದ ಹೆಣ್ಣು, ಇಂಗ್ಲೆಂಡಿನ ಕ್ವೇಕರ್ ಗಂಡು. ದೇವರು ಒಬ್ಬನೇ ಆದರೂ ಬೀಗರು ಒಪ್ಪಬೇಕಲ್ಲ. ಎರಡೂ ಕಡೆ ಹಿರಿಯರ ಮುಖ ಗಂಟಾಯಿತು. ಓಡಿಹೋಗುವ ಜಾಯಮಾನ ಇಬ್ಬರದೂ ಅಲ್ಲ. ಕಾಯೋಣ ಎಂದುಕೊಂಡರು. ಅವರವರ ಕೆಲಸದಲ್ಲಿ ಅವರವರು ಮುಳುಗಿದರು, ಅಪರೂಪಕ್ಕೆ ಭೇಟಿಯಾದರು. 1948ರಲ್ಲಿ ಮದುವೆಯಾಯಿತು.

ಮಧುಚಂದ್ರಕ್ಕೆ ಹೋದದ್ದು ಪಿಥೋರಗಢಕ್ಕೆ. ಈಗ ಉತ್ತರಾಖಂಡದಲ್ಲಿ, ನೇಪಾಳ ಮತ್ತು ಟಿಬೆಟ್ ಎರಡಕ್ಕೂ ಗಡಿ ಹಂಚಿಕೊಂಡ ಜಿಲ್ಲೆ. ಆಗ ಅಲ್ಮೋಡಾ ಜಿಲ್ಲೆಯ ಒಂದು ಮೂಲೆ. ಹಿಮ ನೋಡಿ ವಾಪಸು ಬರುವುದೆಂದು ಹೊರಟವರು. ಬಂದವರಲ್ಲಿ ಒಬ್ಬಾಕೆ ಡಾಕ್ಟರು ಎಂಬ ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಹರಡಿತು. ಜನ ಬರತೊಡಗಿದರು. ಒಬ್ಬರಿಗೆ ಮದ್ದು ಕೊಟ್ಟರೆ ಮರುದಿನ ಹತ್ತು ಮಂದಿ. ಅಷ್ಟು ಜನರನ್ನು ಬಿಟ್ಟು ಗಂಟುಮೂಟೆ ಕಟ್ಟುವುದು ಹೇಗೆ? ಉಳಿದರು. ಮಧುಚಂದ್ರ ಸುಮಾರು ಹದಿನೈದು ವರ್ಷ ನಡೆಯಿತು ಎನ್ನಬಹುದು.

ಚಾಂಡಾಗ್ ಎಂಬ ಏರಿನ ಮೇಲೆ ಕಲ್ಲು ಪೇರಿಸಿ ಮನೆ ಕಟ್ಟಿದರು, ಆಸ್ಪತ್ರೆ ಕಟ್ಟಿದರು. ಆಸ್ಪತ್ರೆ ಎಲಿಜಬೆತ್ ಅವರದ್ದು, ಇದನ್ನು ಒತ್ತಿ ಹೇಳಬೇಕು. ಅಲ್ಲಿ ಬೇಕರ್ ಅವರ ಹುದ್ದೆ ಏನು ಎಂದರೆ ಎಲ್ಲವೂ. ಆಕೆ ಕತ್ತರಿ ಹಿಡಿದರೆ ಈತ ಅರಿವಳಿಕೆ ಕೊಡುತ್ತಿದ್ದರು, ದಾದಿಯ ಕೆಲಸ ಮಾಡುತ್ತಿದ್ದರು, ಉಳಿದ ಹೊತ್ತಿನಲ್ಲಿ ಕರಣೆ ಹಿಡಿಯುತ್ತಿದ್ದರು. ಚೀನಾದ ಯುದ್ಧ ಕಲಿಸಿದ್ದು ಹಿಮಾಲಯದಲ್ಲಿ ಹೆಂಡತಿಯ ಪಕ್ಕ ನಿಲ್ಲಲು ಉಪಯೋಗಕ್ಕೆ ಬಂತು. ‘ಹೆಂಡತಿಯ ಕೈಕೆಳಗೆ ಕೆಲಸ’ ಎಂದು ನಮ್ಮ ಕಡೆ ಕುಹಕವಾಡುವವರು ಇವತ್ತಿಗೂ ಇದ್ದಾರೆ. 1948ರಲ್ಲಿ ಒಬ್ಬ ಇಂಗ್ಲಿಷ್ ಗಂಡಸು, ಅದೂ ಮುಖ್ಯ ವಾಸ್ತುಶಿಲ್ಪಿ ಎಂಬ ಹುದ್ದೆಯಲ್ಲಿದ್ದವನು, ಅದನ್ನು ಆಯ್ದುಕೊಂಡ.

ಆ ಬೆಟ್ಟಗಳು ಅವರಿಗೆ ಎರಡನೇ ಕಾಲೇಜಾದವು. ಆ ಕುಮಾವೂಂ ಸೀಮೆಯ ಹಳೆಯ ಮನೆಗಳ ಕೆಳಗಿನ ಅಂತಸ್ತು ದನಕ್ಕೆ, ಮೇಲಿನದು ಜನಕ್ಕೆ. ಕೆಳಗಿನ ದನದ ಬಿಸುಪು ಮೇಲಿನವರನ್ನು ಚಳಿಯಿಂದ ಕಾಯುತ್ತದೆ. ಗೋಡೆಗೆ ಅಲ್ಲೇ ಒಡೆದ ಕಲ್ಲು, ಮಾಡಿಗೆ ಅಲ್ಲೇ ಸೀಳಿದ ಕಲ್ಲಿನ ಹಾಳೆ, ಕಿಟಕಿಗೆ ಅಲ್ಲೇ ಬೆಳೆದ ಮರ. ಯಾವ ಎಂಜಿನಿಯರೂ ನಕ್ಷೆ ಬರೆದದ್ದಲ್ಲ. ನೂರಾರು ವರ್ಷ ತಪ್ಪು ಮಾಡಿ, ತಿದ್ದಿ, ಜನರೇ ಕಂಡುಕೊಂಡದ್ದು. ಬೇಕರ್ ಮುಂದೆ ಬರೆದದ್ದೆಲ್ಲದರ ಬೇರು ಇಲ್ಲಿದೆ. ನಡುವೆ ಲಖನೌಗೆ ಹೋಗಿ, ವೆಲ್ದಿ ಫಿಷರ್ ಎಂಬ ಅಮೆರಿಕದ ಮಹಿಳೆ ವಯಸ್ಕರ ಶಿಕ್ಷಣಕ್ಕೆಂದು ಶುರುಮಾಡಿದ ಲಿಟರಸಿ ಹೌಸಿಗೆ ಕಟ್ಟಡಗಳನ್ನು ಮಾಡಿಕೊಟ್ಟರು. ಮತ್ತೆ ಬೆಟ್ಟಕ್ಕೆ ಮರಳಿದರು.

1962ರ ಚೀನಾ ಯುದ್ಧ ಆ ಗಡಿಯ ಚಹರೆಯನ್ನೇ ಬದಲಿಸಿತು. ಮರುವರ್ಷ ಬೇಕರ್ ಕುಟುಂಬ ದಕ್ಷಿಣಕ್ಕೆ ಇಳಿದು, ಕೇರಳದ ಪಶ್ಚಿಮ ಘಟ್ಟದ ವಾಗಮಣ್‌ಗೆ ಬಂತು. ಮತ್ತೆ ಗುಡ್ಡ, ಮತ್ತೆ ಮೊದಲಿಂದ ಆಸ್ಪತ್ರೆ. ಅದನ್ನೂ ಹಳಿಗೆ ಹತ್ತಿಸಿ, ಮಕ್ಕಳ ಓದಿಗಾಗಿ 1969ರ ಹೊತ್ತಿಗೆ ತಿರುವನಂತಪುರ ಸೇರಿದರು. ಮೂವರು ಮಕ್ಕಳಿಗೆ ಶಾಲೆ ಕಾಲೇಜು ಬೇಕಿತ್ತು, ಅಷ್ಟೇ. ಮಕ್ಕಳ ಓದಿಗಾಗಿ ಹಳ್ಳಿ ಬಿಟ್ಟು ಪೇಟೆಗೆ ಬಾಡಿಗೆಗೆ ಬಂದ ನಮ್ಮ ಲಕ್ಷಾಂತರ ಅಪ್ಪ ಅಮ್ಮಂದಿರ ಹಾಗೆಯೇ ಅವರೂ ಪೇಟೆಗೆ ಬಂದರು. ಆ ಕಾರಣದಿಂದ ಕೇರಳಕ್ಕೊಬ್ಬ ವಾಸ್ತುಶಿಲ್ಪಿ ಸಿಕ್ಕ.

ಮೂರಿಂಚು ಗಾಳಿ

ತಿರುವನಂತಪುರದ ನಾಲಾಂಚಿರದಲ್ಲಿ ಅವರಿಗೆ ಸಿಕ್ಕಿದ್ದು ಕಡಿದಾದ, ನೀರಿಲ್ಲದ, ಬರೀ ಬಂಡೆಯ ಇಳಿಜಾರು. ಯಾರೂ ಕೊಳ್ಳದ್ದನ್ನು ಕೊಂಡರು. ‘ಹ್ಯಾಮ್ಲೆಟ್’ ಎಂದು ಹೆಸರಿಟ್ಟರು. ಷೇಕ್ಸ್‌ಪಿಯರನ ರಾಜಕುಮಾರನಿಗೂ ಇದಕ್ಕೂ ಸಂಬಂಧ ಹುಡುಕಬೇಡಿ. ಹ್ಯಾಮ್ಲೆಟ್ ಎಂದರೆ ಪುಟ್ಟ ಹಳ್ಳಿ, ಕೇರಿ. ಆ ಮನೆ ಒಮ್ಮೆಗೆ ಕಟ್ಟಿ ಮುಗಿಸಿದ್ದಲ್ಲ. ಬಂಡೆ ಎಲ್ಲಿ ಅಡ್ಡ ಬಂತೋ ಅಲ್ಲಿ ಗೋಡೆ ಬಾಗಿತು. ಎಲ್ಲೋ ಕೆಡವಿದ ಹಳೆಮನೆಯ ತೊಲೆ, ಬಾಗಿಲು ಇಲ್ಲಿ ಬಂದು ಸೇರಿದವು. ಒಡೆದ ಪಿಂಗಾಣಿಯ ಚೂರು ಗೋಡೆಯಲ್ಲಿ ಹೂವಾಯಿತು. ಖಾಲಿ ಸೀಸೆಗಳನ್ನು ಗಾರೆಯಲ್ಲಿ ಅಡ್ಡಡ್ಡ ಹುಗಿದರೆ ಅವುಗಳ ತಳದಿಂದ ಹಸುರು, ಕಂದು ಬೆಳಕು ಒಳಗೆ ಸೋರುತ್ತದೆ. ಗುಜರಿಗೆ ಹೋಗುವ ವಸ್ತು ಈ ಮನೆಗೆ ಬಂದರೆ ತವರಿಗೆ ಬಂದಂತೆ.

ಅವರ ಕಸುಬಿನ ಗುಟ್ಟು ತಿಳಿಯಲು ಒಂದು ಗೋಡೆಯನ್ನು ಹತ್ತಿರದಿಂದ ನೋಡಿದರೆ ಸಾಕು. ಸಾಮಾನ್ಯವಾಗಿ ಇಟ್ಟಿಗೆಯನ್ನು ಮಲಗಿಸಿ ಇಡುತ್ತೇವೆ. ಬೇಕರ್ ಮಗ್ಗುಲಿಗೆ ನಿಲ್ಲಿಸಿದರು. ಹೊರಮೈಗೆ ಮೂರಿಂಚು ಇಟ್ಟಿಗೆ, ಒಳಮೈಗೆ ಮೂರಿಂಚು ಇಟ್ಟಿಗೆ, ನಡುವೆ ಮೂರಿಂಚು ಗಾಳಿ. ಅಲ್ಲಲ್ಲಿ ಒಂದೊಂದು ಇಟ್ಟಿಗೆ ಅಡ್ಡಡ್ಡ ನಿಂತು ಎರಡೂ ಮೈಯನ್ನು ಬಿಗಿದು ಹಿಡಿಯುತ್ತದೆ. ಗೋಡೆಯ ದಪ್ಪ ಅದೇ ಒಂಬತ್ತಿಂಚು. ಇಟ್ಟಿಗೆ ಮಾತ್ರ ಕಾಲು ಭಾಗದಷ್ಟು ಕಡಿಮೆ. ಮೇಲಿನಿಂದ ಇಣುಕಿದರೆ ಸಾಲು ಸಾಲು ಬೋನಿನಂಥ ಗುಂಡಿಗಳು ಕಾಣುತ್ತವೆ, ಅದಕ್ಕೇ ಇದು ‘ರ್‍ಯಾಟ್ ಟ್ರ್ಯಾಪ್’ ಕಟ್ಟು, ಇಲಿಬೋನಿನ ಗೋಡೆ. ಬಿಸಿಲಿಗೆ ಹೊರಮೈ ಕಾದರೂ ನಡುವಿನ ಗಾಳಿ ಆ ಕಾವನ್ನು ಒಳಗೆ ಬಿಡಲು ತಡಮಾಡುತ್ತದೆ. ಇಂಗ್ಲೆಂಡಿನಲ್ಲಿ ಇದು ಹಳೆಯದೇ. ಕೇರಳದ ಸೆಕೆಗೆ ಹೇಳಿಮಾಡಿಸಿದ್ದು ಎಂದು ಕಂಡವರು ಬೇಕರ್.

ಮೈಸೂರಿನ ಹೊರವಲಯದಲ್ಲಿ ನನ್ನ ನೆಂಟರೊಬ್ಬರು ಹೀಗೆ ಕಟ್ಟಿಸಲು ಹೊರಟಾಗ ಮೇಸ್ತ್ರಿ ಕರಣೆ ಕೆಳಗಿಟ್ಟು ಕೈಕಟ್ಟಿ ನಿಂತುಬಿಟ್ಟ. ‘ಒಳಗೆ ಟೊಳ್ಳು ಬಿಟ್ರೆ ನಾಳೆ ನನ್ನ ಹೆಸರು ಹಾಳಾಗುತ್ತೆ ಸಾರ್. ಬೇಕಾದ್ರೆ ಬರ್ದು ಕೊಡಿ’ ಅಂದ. ಬರೆದುಕೊಟ್ಟರು. ಹತ್ತು ವರಸೆ ಏರುವಷ್ಟರಲ್ಲಿ ಅವನಿಗೇ ಮಜಾ ಹತ್ತಿ, ಬಂದವರಿಗೆಲ್ಲ ತಾನೇ ಪಾಠ ಹೇಳತೊಡಗಿದ.

ಗಿಲಾವಿನ ವಿಷಯಕ್ಕೆ ಬಂದರೆ ಬೇಕರ್ ಹಟಮಾರಿ. ಇಟ್ಟಿಗೆಯೆಂದರೆ ಅವರಿಗೆ ಮನುಷ್ಯನ ಮುಖವಿದ್ದಂತೆ: ಎಲ್ಲವೂ ಸುಟ್ಟ ಮಣ್ಣೇ, ಒಂದರ ಹಾಗೆ ಇನ್ನೊಂದಿಲ್ಲ. ಅದರ ಮೇಲೆ ಸಿಮೆಂಟು ಬಳಿದು, ಬಣ್ಣ ಹೊಡೆದು, ಮೂರು ವರ್ಷಕ್ಕೊಮ್ಮೆ ಮತ್ತೆ ಹೊಡೆಯುವುದು ಹಣದ ದಂಡ ಮಾತ್ರವಲ್ಲ, ಒಂದು ಬಗೆಯ ಸುಳ್ಳು ಕೂಡ. ಕ್ವೇಕರರ ಆ ಸಾದಾ ಕೋಣೆ ನೆನಪಾಗುವುದು ಇಲ್ಲೇ. ಕಿಟಕಿಯನ್ನೂ ಅವರು ಅನುಮಾನದಿಂದ ನೋಡಿದರು. ಚೌಕಟ್ಟು, ಗಾಜು, ಸರಳು, ಚಿಲಕ ಸೇರಿದರೆ ಅಷ್ಟೇ ಅಗಲದ ಗೋಡೆಗಿಂತ ಎಷ್ಟೋ ಪಟ್ಟು ದುಬಾರಿ. ಬದಲಿಗೆ ಇಟ್ಟಿಗೆಯ ನಡುವೆ ಕಿಂಡಿ ಬಿಟ್ಟು ಜಾಲಂದ್ರ ಕಟ್ಟಿದರು. ಗಾಳಿ ಬರುತ್ತದೆ, ಬೆಳಕು ಸೋಸಿ ಬರುತ್ತದೆ, ಕಳ್ಳ ಬರುವುದಿಲ್ಲ. ದುಂಡು ಗೋಡೆಯ ಮೋಹಕ್ಕೂ ಅವರ ಬಳಿ ಲೆಕ್ಕವಿತ್ತು. ನಲವತ್ತು ಅಡಿ ಉದ್ದದ ಗೋಡೆಯನ್ನು ಚೌಕವಾಗಿ ಮಡಿಸಿದರೆ ಒಳಗೆ ನೂರು ಚದರಡಿ. ಅದನ್ನೇ ದುಂಡಗೆ ಬಾಗಿಸಿದರೆ ನೂರಿಪ್ಪತ್ತೇಳು. ಬಡವನಿಗೆ ಆ ಇಪ್ಪತ್ತೇಳಡಿಯಲ್ಲಿ ಒಂದು ಅಡುಗೆ ಕೋಣೆ.

ಕಚೇರಿ ಇರಲಿಲ್ಲ. ಅಂಚೆಯಲ್ಲಿ ಬಂದ ಲಕೋಟೆಯ ಹಿಂಬದಿಯೇ ನಕ್ಷೆಯ ಕಾಗದ. ಬೆಳಿಗ್ಗೆ ಕೆಲಸದ ಜಾಗಕ್ಕೆ ಹೋಗಿ ಮೇಸ್ತ್ರಿಗಳ ಜೊತೆ ನಿಂತು, ಮರ ಅಡ್ಡ ಬಂದರೆ ಗೋಡೆಯನ್ನು ಸರಿಸಿ, ಮರವನ್ನು ಉಳಿಸಿ ಮುಂದೆ ಹೋಗುವರು. ಈ ರೀತಿಯ ದೊಡ್ಡ ಪರೀಕ್ಷೆ ನಡೆದದ್ದು ತಿರುವನಂತಪುರದ್ದೇ ಉಳ್ಳೂರಿನಲ್ಲಿ. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ತಮ್ಮ ‘ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್’ಗೆ 1970ರ ದಶಕದ ಆರಂಭದಲ್ಲಿ ಕಟ್ಟಡ ಮಾಡಿಕೊಡಿ ಎಂದು ಬೇಕರ್ ಅವರನ್ನು ಕರೆದರು. ದುಂಡನೆಯ ಗ್ರಂಥಾಲಯ ಗೋಪುರ, ಹಾವಿನಂತೆ ಹರಿದಾಡುವ ಗೋಡೆಗಳು, ಗುಡ್ಡದ ಏರಿಳಿತವನ್ನು ಕೆಡಿಸದ ದಾರಿಗಳು. ಬಡತನದ ಅರ್ಥಶಾಸ್ತ್ರ ಓದುವ ಸಂಸ್ಥೆಗೆ ಮಿತವ್ಯಯದ ಕಟ್ಟಡವೇ ಮೊದಲ ಪಾಠ. ಆಗ ಮುಖ್ಯಮಂತ್ರಿಯಾಗಿದ್ದ ಅಚ್ಯುತ ಮೇನನ್, ರಾಜ್, ಬೇಕರ್ ಮೊದಲಾದವರು ಸೇರಿ ಮುಂದೆ 1985ರಲ್ಲಿ ‘ಕಾಸ್ಟ್‌ಫೋರ್ಡ್’ ಎಂಬ ಸಂಸ್ಥೆ ಕಟ್ಟಿದರು. ಕಡಿಮೆ ಖರ್ಚಿನ ಮನೆ ಕಟ್ಟುವ ಕೆಲಸವನ್ನು ಅದು ಇಂದಿಗೂ ಮುಂದುವರಿಸಿದೆ.

ಒಪ್ಪದ ಬಡವರು

ಬೇಕರ್ ಅವರನ್ನು ಪೂಜೆಗೆ ಕೂರಿಸುವವರು ಒಂದು ಮಾತನ್ನು ಮೆತ್ತಗೆ ನುಂಗಿಕೊಳ್ಳುತ್ತಾರೆ. ಯಾರಿಗಾಗಿ ಅವರು ಇಷ್ಟೆಲ್ಲ ಯೋಚಿಸಿದರೋ ಆ ಬಡವರು ಬಹಳ ಸಲ ಈ ಮನೆಗಳನ್ನು ಒಪ್ಪಲಿಲ್ಲ. ತಿರುವನಂತಪುರದ ಕಡಲತಡಿಯ ಪೂಂತುರದಲ್ಲಿ ಮೀನುಗಾರರ ಮನೆಗಳನ್ನು ಸಾಲು ತಪ್ಪಿಸಿ, ಹಿಂದುಮುಂದಾಗಿ ಇಟ್ಟರು. ಪ್ರತಿ ಮನೆಗೂ ಕಡಲ ಗಾಳಿ ಸಿಗಲಿ, ಮುಂದೆ ಒಂದು ಅಂಗಳ ಉಳಿಯಲಿ ಎಂದು. ಯೋಚನೆ ಚಿನ್ನದಂಥದ್ದು. ಆದರೆ ಜೀವಮಾನವಿಡೀ ಗುಡಿಸಲಿನಲ್ಲಿ ಇದ್ದವನಿಗೆ ಮನೆಯೆಂದರೆ ಎಂಜಿನಿಯರ ಮನೆಯ ಹಾಗಿರಬೇಕು: ಚೌಕ, ನುಣುಪು, ಬಣ್ಣ ಬಳಿದದ್ದು. ಗಿಲಾವು ಮಾಡಿಸದ ಗೋಡೆ ಅವನ ಕಣ್ಣಿಗೆ ದುಡ್ಡು ಸಾಲದೆ ಅರ್ಧಕ್ಕೆ ನಿಂತ ಮನೆ. ನಮ್ಮ ಹಳ್ಳಿಗಳಲ್ಲೂ ಹಾಗೇ ಅನ್ನುತ್ತಾರೆ, ‘ಪಾಪ, ಗಾರೆ ಮಾಡ್ಸೋಕೆ ಆಗ್ಲಿಲ್ಲ’.

ಒಪ್ಪಿಕೊಂಡವರು ಮೇಷ್ಟರು, ಬರಹಗಾರರು, ಓದಿದ ಮಧ್ಯಮವರ್ಗದವರು. ಆಮೇಲೆ ಸಿರಿವಂತರು. ಕೆಂಪು ಇಟ್ಟಿಗೆಯನ್ನು ಬೆತ್ತಲೆ ಬಿಡುವುದೇ ಒಂದು ಶೋಕಿಯಾಗಿ, ಬೆಂಗಳೂರಿನ ಹೊರಗಿನ ತೋಟದ ಮನೆಗಳಲ್ಲಿ ಅದಕ್ಕಾಗಿ ದುಬಾರಿ ಇಟ್ಟಿಗೆ ತರಿಸಿ, ದುಬಾರಿ ಪಾಲಿಶ್ ಹೊಡೆಯುವವರನ್ನು ನಾನು ಕಂಡಿದ್ದೇನೆ. ಬೇಕರ್ ನೋಡಿದ್ದರೆ ಇನ್ನೊಂದು ವ್ಯಂಗ್ಯಚಿತ್ರಕ್ಕೆ ಸರಕು.

ಆದರೂ ಕರ್ನಾಟಕಕ್ಕೆ ಅವರಿಂದ ಬಂದದ್ದು ಶೋಕಿ ಮಾತ್ರವಲ್ಲ. ಅವರ ಕೈಕೆಳಗೆ ದುಡಿದ ಗೋವಾದ ಜೆರಾರ್ಡ್ ಡ ಕುನ್ಹಾ ಹೆಸರಘಟ್ಟದ ನೃತ್ಯಗ್ರಾಮವನ್ನು ಮಣ್ಣು ಕಲ್ಲುಗಳಲ್ಲಿ ಕಟ್ಟಿದರು. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ನೌಕರರಿಗಾಗಿ ಇಡೀ ಊರನ್ನೇ ರಚಿಸಿದರು. ಬೇಕರ್ ಕೇರಳದಲ್ಲಿ ಇಟ್ಟಿಗೆಯ ಬೆನ್ನು ಹತ್ತಿದ್ದ ಕಾಲದಲ್ಲೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಆಸ್ತ್ರ’ ಕೇಂದ್ರ ಶುರುಮಾಡಿದ್ದರು. ಸುಡದ ಮಣ್ಣಿನ ಇಟ್ಟಿಗೆಯ ಮೇಲೆ ಅಲ್ಲಿ ಕೆಲಸ ನಡೆಯಿತು. ಎರಡು ದಾರಿ, ಒಂದೇ ದಿಕ್ಕು.

ತಾರಸಿಯಲ್ಲಿ ಮಂಗಳೂರು

1980ರ ದಶಕದ ಕೊನೆಗೆ ಅವರಿಗೆ ಭಾರತದ ಪೌರತ್ವ ಸಿಕ್ಕಿತು. ಬಂದು ನಲವತ್ತು ವರ್ಷ ದಾಟಿತ್ತು. ವಯಸ್ಸು ಎಪ್ಪತ್ತು ಮೀರಿತ್ತು. 1990ರಲ್ಲಿ ಪದ್ಮಶ್ರೀ. ಅದಕ್ಕೂ ಮುಂಚೆ, 1983ರಲ್ಲಿ, ಹುಟ್ಟಿದ ದೇಶವೂ ಒಂದು ಬಿರುದು ಕೊಟ್ಟಿತ್ತು. ಮಗ್ಗುಲಿನ ರಾಜ್ಯಗಳಲ್ಲಿ, ದೂರದ ಲಾತೂರಿನಲ್ಲಿ 1993ರ ಭೂಕಂಪವಾದಾಗ ಕೂಡ, ಮನೆ ಮತ್ತೆ ಕಟ್ಟುವುದು ಹೇಗೆಂದು ಜನ ಈ ಮುದುಕನನ್ನು ಕೇಳುತ್ತಿದ್ದರು. ತಮಗೆ ತಿಳಿದದ್ದನ್ನೆಲ್ಲ ಬೇಕರ್ ಸಣ್ಣ ಸಣ್ಣ ಪುಸ್ತಿಕೆಗಳಾಗಿ ಬರೆದರು, ತಾವೇ ಚಿತ್ರ ಬಿಡಿಸಿದರು, ಯಾರು ಬೇಕಾದರೂ ನೋಡಿ ಕಟ್ಟಲಿ ಎಂದು ಬಿಟ್ಟರು. ಮಣ್ಣಿನ ಬಗ್ಗೆ ಒಂದು, ಖರ್ಚು ಕಡಿಮೆ ಮಾಡುವ ಬಗ್ಗೆ ಇನ್ನೊಂದು, ಕಸದ ಬಗ್ಗೆಯೂ ಒಂದು.

2007ರ ಏಪ್ರಿಲ್ 1ರಂದು, ತೊಂಬತ್ತು ತುಂಬಿ ಒಂದು ತಿಂಗಳಾಗಿತ್ತು, ಹ್ಯಾಮ್ಲೆಟ್‌ನಲ್ಲೇ ತೀರಿಕೊಂಡರು. ಅದೇ ವರ್ಷ ಎಲಿಜಬೆತ್ ಅವರ ನೆನಪುಗಳ ಪುಸ್ತಕ ಹೊರಬಂತು, ‘ದಿ ಅದರ್ ಸೈಡ್ ಆಫ್ ಲಾರಿ ಬೇಕರ್’. ಲಾರಿ ಬೇಕರ್‌ರ ಇನ್ನೊಂದು ಮಗ್ಗುಲು. ಆ ಮಗ್ಗುಲಲ್ಲಿ ಆಕೆ ಸುಮಾರು ಅರವತ್ತು ವರ್ಷ ಇದ್ದರು.

ಮೈಸೂರಿನ ಆ ನೆಂಟರ ಮನೆಗೆ ಹೋದ ತಿಂಗಳು ಹೋಗಿ ಒಂದು ರಾತ್ರಿ ಉಳಿದಿದ್ದೆ. ತಾರಸಿಯೂ ಬೇಕರ್ ರೀತಿಯದ್ದೇ. ಕಾಂಕ್ರೀಟ್ ಹಾಸಿನ ಕೆಳಭಾಗ ಹೆಚ್ಚು ಭಾರ ಹೊರುವುದಿಲ್ಲ, ಅಲ್ಲಿ ಎಳೆತ ತಡೆಯುವುದು ಕಬ್ಬಿಣ. ಹಾಗಾಗಿ ಕಂಬಿಗಳ ನಡುವಿನ ಆ ಜಾಗದಲ್ಲಿ ಕಾಂಕ್ರೀಟಿನ ಬದಲು ಹಳೆಯ ಹೆಂಚುಗಳನ್ನು ಜೋಡಿಸಿಬಿಡುತ್ತಾರೆ. ಸಿಮೆಂಟೂ ಉಳಿಯುತ್ತದೆ, ತೂಕವೂ ಇಳಿಯುತ್ತದೆ. ಬೇಕರ್ ತಮ್ಮ ತಾರಸಿಗಳಿಗೆ ಬಳಸುತ್ತಿದ್ದದ್ದು ಮಂಗಳೂರು ಹೆಂಚನ್ನೇ. ಆ ಹೆಂಚಾದರೂ ನಮ್ಮದು ಹೇಗಾಯಿತು? 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದರಿಂದ. ದೇವರ ಹೆಸರಲ್ಲಿ ಕಡಲು ದಾಟಿ ಬಂದ ಇನ್ನೊಂದಿಷ್ಟು ಪರದೇಶಿಗಳು ಅವರು. ಮತಾಂತರವಾಗಿ ಜಾತಿಯಿಂದ ಹೊರಬಿದ್ದವರಿಗೆ ಕೂಲಿ ಬೇಕಿತ್ತು, ನೇತ್ರಾವತಿಯ ದಡದಲ್ಲಿ ಜೇಡಿಮಣ್ಣು ಬೇಕಾದಷ್ಟಿತ್ತು.

ದೀಪ ಆರಿಸುವ ಮುಂಚೆ ಅಂಗಾತ ಮಲಗಿ ಮೇಲೆ ನೋಡಿದೆ. ತಾರಸಿಗೂ ಗಿಲಾವು ಮಾಡಿಸಿರಲಿಲ್ಲ. ಸಾಲಾಗಿ ಕೂತ ಕೆಂಪು ಹೆಂಚುಗಳ ಹೊಟ್ಟೆಯಲ್ಲಿ ಕಾರ್ಖಾನೆಯ ಹೆಸರು, ಮುದ್ರೆ ಉಬ್ಬಿಕೊಂಡಿದ್ದವು. ಹೆಸರು ಸವೆದು ಅರ್ಧ ಅಳಿಸಿತ್ತು. ಅದರ ಕೆಳಗೆ ಊರಿನ ಹೆಸರು ಮಾತ್ರ ಸ್ಪಷ್ಟ, ಹೆಂಚಿನಿಂದ ಹೆಂಚಿಗೆ: ಮಂಗಳೂರು, ಮಂಗಳೂರು, ಮಂಗಳೂರು. ಒಂದು ಹೆಂಚನ್ನು ಮಾತ್ರ ಮೇಸ್ತ್ರಿ ತಲೆಕೆಳಗಾಗಿ ಕೂರಿಸಿದ್ದ.